ಛೋಟ್ಯಾ ಹೈದರಾಬಾದ್ ನೋಡಿದ್ದು

“ನಾಕು ಕಂಬ ನಿಲ್ಲಿಸ್ಯಾರ, ಹಂದರ ಹಾಕೂದು ಮರತಾರ. ಮದಿವಿ ಮುರದಿರಬೇಕು,” ಎಂದ ಛೋಟ್ಯಾ, ಚಾರ್‌ಮಿನಾರ್ ನೋಡಿ.

ಸುತ್ತ ನಿಂತವರಲ್ಲಿ ಕನ್ನಡ ಬಲ್ಲವರು ಗೊಳ್ಳೆಂದರು. ಅದನ್ನೇ ದಖ್ಖನಿ ಉರ್ದುವಿನಲ್ಲಿ ಹೇಳಿದಾಗ ಉಳಿದವರೂ ನಕ್ಕರು. ಛೋಟ್ಯಾ ಎರಡಡಿ ಎತ್ತರದ ಮಾತಾಡುವ ಗೊಂಬೆ. ಅದನ್ನು ತೋಳಿನ ಮೇಲೆ ಕೂರಿಸಿಕೊಂಡವನು ಮಸ್ಕಿಯ ಅಮರಗುಂಡಪ್ಪ. ಲಿಂಗಸುಗೂರಿನ ಶಾಲೆಯವರು ಹೊದಿಸಿದ ಜರಿಶಾಲನ್ನು ಮೇ ತಿಂಗಳ ಬಿಸಿಲಲ್ಲೂ ಕೆಳಗಿಳಿಸದ ಕಲಾವಿದ.

ಒಂದು ಹೆಜ್ಜೆ ಹಿಂದೆ ಅವನ ಹೆಂಡತಿ ಕಸ್ತೂರೆಮ್ಮ. ಕೈಯಲ್ಲಿ ಚೀಲ, ನೀರಿನ ಬಾಟ್ಲಿ. ಧೂಳಿಗೆ ಸೆರಗು ಬಾಯಿಗೆ ಅಡ್ಡ.

ಪಕ್ಕದಲ್ಲಿ ನಾಸೀರ್. ಸಿಂಧನೂರಿನವನು. ಈಗ ಹೈದರಾಬಾದಿನ ಹೊರಗೆ ಒಂದು ರೆಸಾರ್ಟಿನಲ್ಲಿ ಆಟ-ಪಾಟಗಳನ್ನು ಗೊತ್ತು ಮಾಡುವ ಮ್ಯಾನೇಜರು. ಎರಡು ತಿಂಗಳು ದಿನಾ ಸಂಜೆ ಗೊಂಬೆಯ ಆಟ ಬೇಕಿತ್ತು ಅವನಿಗೆ. ‘ಊರೆಲ್ಲಾ ಸುತ್ತಾಡಿಸ್ತೀನಿ. ಗೊಂಬಿ ಹಾದ್ಯಾಗ ಜನರನ್ನ ನಗಿಸಿದ್ರ ಕೆಲಸ ನಿಮ್ದು, ಇಲ್ಲಾಂದ್ರ ಊರು ನೋಡಿದಂಗಾತು’ ಎಂದಿದ್ದ. ಪೋಸ್ಟರಿನ ಮೇಲೆ ತನ್ನ ಹೆಸರು ನೋಡುವ ಆಸೆ ಅಮರಗುಂಡಪ್ಪನಿಗೆ ಮೂವತ್ತು ವರ್ಷದ್ದು.

ಆಟೋದವನ ಜೊತೆ ಅಮರಗುಂಡಪ್ಪ ಹರಕುಮುರುಕು ದಖ್ಖನಿಯಲ್ಲಿ ತಡವರಿಸಿದ. ಛೋಟ್ಯಾ ನಡುವೆ ಬಾಯಿ ಹಾಕಿ, ಸರಸರ ಮಾತಾಡಿ, ಮೂವರನ್ನೂ ಸಾಲಾರ್‌ಜಂಗ್ ಮ್ಯೂಸಿಯಮ್ಮಿಗೆ ಹೊರಡಿಸಿದ.

“ಗೊಂಬಿಗೆ ಬರೋ ಮಾತು ಮಾಲಕಗ ಬರಂಗಿಲ್ಲ! ಕ್ಯಾ ಆಕ್ಟಿಂಗ್ ಹೈ!” ಎಂದು ನಾಸೀರ್ ತೊಡೆ ತಟ್ಟಿಕೊಂಡ.

ಅಮರಗುಂಡಪ್ಪ ಶಾಲು ಸರಿಪಡಿಸಿಕೊಂಡ. “ಸಾಧನಾ, ಸಾಧನಾ.”

ಮ್ಯೂಸಿಯಮ್ಮಿನ ಹಳೆಯ ಗಡಿಯಾರದ ಮುಂದೆ ಜನ ಬಾಯಿ ತೆರೆದು ಕುಳಿತಿದ್ದರು. ಪುಟ್ಟ ಮನುಷ್ಯ ಹೊರಬಂದ, ಗಂಟೆ ಹೊಡೆದ, ಒಳಗೆ ಹೋದ.

“ತಾಸಿಗೊಮ್ಮೆ ಹೊರಗ ಬರ್ತಾನ, ಢಣ್ ಅನಸ್ತಾನ, ಒಳಗ ಹೋಗಿ ಮಲಗ್ತಾನ,” ಎಂದ ಛೋಟ್ಯಾ. “ಪಕ್ಕಾ ಸರಕಾರಿ ನೌಕರಿ. ಅಮರಗುಂಡಪ್ಪ, ನೀನೂ ಒಂದು ಅರ್ಜಿ ಹಾಕಲೇ. ನಿನಗ ಆ ಢಣ್ ಅನ್ನೂದೂ ಬರಂಗಿಲ್ಲ ಖರೆ, ಮಲಗಾಕರ ಬರತೈತಿ.”

ಕಾವಲುಗಾರನೂ ನಕ್ಕ. ನಾಸೀರ್ ಮಾತ್ರ ಕಸ್ತೂರೆಮ್ಮನ ಕಡೆ ತಿರುಗಿದ. “ಅವ್ವಾರ, ಯಜಮಾನ್ರನ್ನ ಹಿಂಗ ಹೆಸರು ಹಿಡದು ಬೈತೈತಿ. ನಿಮಗ ಸಿಟ್ಟು ಬರಂಗಿಲ್ಲೇನ್ರಿ?”

ಕಸ್ತೂರೆಮ್ಮ ತಲೆ ತಗ್ಗಿಸಿದಳು. ಉತ್ತರ ಗಂಡನಿಂದ ಬಂತು. “ಆಕಿ ಭಾಳ ಸಂಪ್ರದಾಯದಾಕಿ ರೀ. ಮದಿವ್ಯಾಗ ಒಡಪು ಹೇಳ ಅಂದ್ರೂ ನನ್ನ ಹೆಸರು ಹೇಳಲಿಲ್ಲ. ಇವತ್ತಿನ ತನಾ ಆಕಿ ಬಾಯಾಗ ನನ್ನ ಹೆಸರು ಕೇಳಿದವರ ಇಲ್ಲ.”

“ಅದನ್ನ ಗೊಂಬಿ ಕಡೆಯಿಂದ ಹೇಳಿಸ್ಕೋತೀರಿ! ಶಾಣ್ಯಾರು ಬಿಡ್ರಿ.”

ಮಧ್ಯಾಹ್ನ ಲಾಡ್ ಬಜಾರಿನಲ್ಲಿ ಕಸ್ತೂರೆಮ್ಮ ಬಳೆಗಳ ಮುಂದೆ ನಿಂತುಬಿಟ್ಟಳು. ಗಂಡಸರಿಬ್ಬರೂ ಮುಂದೆ ಸಾಗಿದರು. ಬುರ್ಖಾದ ಹೆಂಗಸರ ಗುಂಪೊಂದು ಛೋಟ್ಯಾನನ್ನು ಮುತ್ತಿತು. ಛೋಟ್ಯಾ ಉಸಿರೆತ್ತಲಿಲ್ಲ. ನಾಸೀರನ ಹುಬ್ಬು ಗಂಟಿಕ್ಕಿತು.

“ಛೋಟ್ಯಾಗ ನಿದ್ದಿ ಬಂದೈತ್ರಿ,” ಎಂದು ಅಮರಗುಂಡಪ್ಪ ಬೆವರೊರೆಸಿಕೊಂಡ. ಹಿಂದೆ ತಿರುಗಿ ಗುಡುಗಿದ, “ಏ, ಅಲ್ಲೇನು ಸಂತಿ ಮಾಡಾಕತ್ತಿ? ಲಗೂನ ಬಾ!”

ಅವಳು ಬಂದು ನಿಂತಳು. ಛೋಟ್ಯಾ ಎಚ್ಚರಗೊಂಡ. “ಅಮರಗುಂಡಪ್ಪ, ಹೆಂಡ್ತಿಗೆ ಒಂದು ಡಜನ್ ಬಳಿ ಕೊಡಸಾಕ ಜೀವ ಹೋಗತೈತೇನು? ಶಾಲು ಮಾರಿಯಾದ್ರೂ ಕೊಡಸಲೇ!”

ಹೆಂಗಸರು ಚಪ್ಪಾಳೆ ತಟ್ಟಿದರು. ಅಮರಗುಂಡಪ್ಪ ಹಲ್ಲು ಕಡಿಯುತ್ತ ಬಳೆ ಕೊಡಿಸಿದ. ಆಮೇಲೆ ಹೋಟೆಲಿನಲ್ಲಿ ಅವನು ಇರಾನಿ ಚಹಾ ಹೀರುತ್ತಿದ್ದಾಗಲೂ ಛೋಟ್ಯಾ ನಿಜಾಮರ ಕಾಲದಿಂದ ತೊಳೆಯದ ಕಪ್ಪುಗಳ ಬಗ್ಗೆ ಭಾಷಣ ಬಿಗಿದ. ಬಾಯಲ್ಲಿ ಚಹಾ, ಗೊಂಬೆಯ ಬಾಯಲ್ಲಿ ಮಾತು. ಹೋಟೆಲಿನವರು ಎದ್ದು ನಿಂತು ನೋಡಿದರು. ನಾಸೀರ್ ಕೈ ಚಾಚಿದ.

“ಫೈನಲ್! ಇವತ್ತ ಆರಕ್ಕ ಮೊದಲ ಆಟ. ಪೋಸ್ಟರು ಹಚ್ಚಿಸ್ತೀನಿ. ಒಂದ ಮಾತು, ಕಲಾವಿದರ ಕೋಣಿ ಗಂಡಸರದಷ್ಟ. ಅವ್ವಾರನ್ನ ನಾಕರ ಬಸ್ಸಿಗೆ ಹತ್ತಿಸಿಬಿಡೂಣು.”

ಅಮರಗುಂಡಪ್ಪನ ಮುಖ ಬಾಡಿತು. “ಆಕಿ ಇರಲಿ ರೀ. ನನಗ ಮಜ್ಜಗಿ, ಗುಳಗಿ…”

“ಆಟದಾಗ ಅವರದೇನಾರ ಕೆಲಸ ಐತೇನು? ಇದ್ರ ಹೇಳ್ರಿ, ಈಗ ಜೋಡಿ ಕೋಣಿ ಕೊಡಸ್ತೀನಿ. ಪೋಸ್ಟರಿನ್ಯಾಗ ಅವರ ಹೆಸರೂ ಹಾಕಸ್ತೀನಿ.”

ಕಸ್ತೂರೆಮ್ಮ ಗಂಡನ ಮುಖವನ್ನೇ ನೋಡಿದಳು. ಅವನು ಚಹಾದ ಕಪ್ಪು ನೋಡಿದ. ಪೋಸ್ಟರಿನಲ್ಲಿ ಎರಡು ಹೆಸರು ಅವನ ಗಂಟಲಲ್ಲಿ ಇಳಿಯಲಿಲ್ಲ.

“ಆಕೀದೇನು ಕೆಲಸ್ರೀ,” ಎಂದು ನಕ್ಕ. “ಚೀಲ ಹಿಡೀತಾಳ, ಅಷ್ಟ.”

ಕಸ್ತೂರೆಮ್ಮ ಚೀಲವನ್ನು ಅವನ ಕಾಲ ಬಳಿ ಇಟ್ಟಳು. “ಹಂಗಾರ ನಾ ಹೊಂಡ್ತೀನ್ರಿ.”

“ಏ ತಡಿ, ಎಲ್ಲ್ಯಾರ ಒಂದು ಲಾಡ್ಜ್…”

“ಹೆಂಡ್ತಿ ಬಿಟ್ಟು ಒಂದು ದಿನಾ ಇರಾಕ ಆಗಂಗಿಲ್ಲೇನ್ರಿ ನಿಮಗ?” ಎಂದು ನಾಸೀರ್ ಹೋಟೆಲೆಲ್ಲ ಕೇಳುವಂತೆ ನಕ್ಕ. ಅಮರಗುಂಡಪ್ಪ ಶಾಲು ಕೊಡವಿ ಹೊದ್ದುಕೊಂಡ. ಇಮ್ಲಿಬನ್ ಬಸ್‌ಸ್ಟ್ಯಾಂಡಿಗೆ ಹೊರಟ ಆಟೋ ಅವಳನ್ನು ಹೊತ್ತು ಹೋಯಿತು.

ಆರಕ್ಕೆ ರೆಸಾರ್ಟಿನಲ್ಲಿ ಇನ್ನೂರು ಕುರ್ಚಿ ತುಂಬಿದ್ದವು. ಪೋಸ್ಟರಿನಲ್ಲಿ ಒಂದೇ ಹೆಸರು, ಮೊಳದುದ್ದದ ಅಕ್ಷರ. ಪರದೆಯ ಹಿಂದೆ ಅಮರಗುಂಡಪ್ಪ ಛೋಟ್ಯಾನನ್ನು ತೊಡೆಯ ಮೇಲಿಟ್ಟುಕೊಂಡು ಏಳು ಸಲ ಫೋನು ಹಚ್ಚಿದ. ಬಸ್ಸು ಜಡ್ಚರ್ಲಾ ದಾಟುತ್ತಿದ್ದಾಗ ಎಂಟನೆಯದನ್ನು ಕಸ್ತೂರೆಮ್ಮ ಎತ್ತಿಕೊಂಡಳು.

“ಪರದಿ ಏಳಾಕತ್ತೈತಿ,” ಅವನು ಪಿಸುಗುಟ್ಟಿದ. “ನಿನ್ನ ಕಾಲಿಗೆ ಬೀಳ್ತೀನಿ. ಒಂದ ಮಾತಾಡು.”

ಕಿಟಕಿಯ ಪಕ್ಕ ಕೂತ ಕಸ್ತೂರೆಮ್ಮನ ತುಟಿ ಅಲುಗಲಿಲ್ಲ, ಛೋಟ್ಯಾನ ದನಿ ಮಾತ್ರ ಬಸ್ಸಿನ ತುಂಬ ಖಣಿಲ್ಲೆಂದಿತು: “ಛೋಟ್ಯಾ ಇಲ್ಲಿ ಬಸ್ಸಿನ್ಯಾಗ ಕುಂತಾನಲೇ, ಅಮರಗುಂಡಪ್ಪ, ನಿನ್ನ ತೊಡಿ ಮ್ಯಾಲ ಇರೂದು ಬರೇ ಕಟ್ಟಗಿ!”