ಬೋಟಿನ ತಳ

ಮೂರನೆಯ ದಿನವೂ ಮೌನಮ್ಮ ಬಂದು ಅದೇ ಜಾಗದಲ್ಲಿ ಕೂತಳು. ಬೋರಲು ಹಾಕಿದ ಬೋಟಿನ ಹಿಂಭಾಗ, ಎಡಗಡೆ. ಅಲ್ಲಿ ನೆರಳಿರಲಿಲ್ಲ. ನೆರಳಿದ್ದದ್ದು ಮುಂಭಾಗದ ಬೇವಿನ ಮರದ ಕೆಳಗೆ. ಅಲ್ಲಿ ಕಾನ್‌ಸ್ಟೇಬಲ್ ಮಹೇಶಕುಮಾರ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಮೊಬೈಲು ನೋಡುತ್ತಿದ್ದ.

“ಅಕ್ಕಾ, ಈ ಕಡಿ ಬರ್ರಿ. ಬಿಸಲಾಗ ಯಾಕ ಸುಡ್ತೀರಿ?” ಎಂದ ಮುಜಫರ.

“ಇರ್ಲಿ ತಮ್ಮಾ. ನನಗ ಇಲ್ಲೇ ಛಲೋ ಅದ.”

ಮುಜಫರ ಸುರಪುರದ ಪೇಂಟರ್. ಲಾರಿ, ಟ್ರ್ಯಾಕ್ಟರು, ನೀರಿನ ಟಾಕಿ ಅವನ ದಿನದ ಕೆಲಸ. ಪೊಲೀಸರು ಅವನನ್ನು ಹೊಳೆದಂಡೆಯ ತಿಂಥಣಿಗೆ ಕರೆಸಿದ್ದು ಈ ಫೈಬರ್ ಬೋಟಿಗಾಗಿ. ತಳದ ಹಳೆಯ ಬಣ್ಣವನ್ನೆಲ್ಲ ತೆಗೆಯಬೇಕು. ಅದರಡಿ ಹಳೆಯ ಸೀಳು ಇತ್ತೋ ಇಲ್ಲವೋ ಗೊತ್ತಾಗಬೇಕು.

ಬೋಟು ಮುಳುಗಿ ಇಪ್ಪತ್ತು ದಿನವಾಗಿತ್ತು. ನಡುಹೊಳೆಯಲ್ಲಿ ನೀರು ನುಗ್ಗಿತ್ತು. ಎಂಟು ಜನರಲ್ಲಿ ಆರು ಜನ ದಡ ಸೇರಿದರು. ಮುದುಕಿ ಶೇಖಮ್ಮ ಹೋದಳು. ಅವಳನ್ನು ಹಿಡಿಯಲು ತಿರುಗಿ ಈಜಿದ ಅಯ್ಯಣ್ಣನೂ ಹೋದ. ಅಯ್ಯಣ್ಣ ಬೋಟು ನಡೆಸುವವನು, ಮೌನಮ್ಮನ ಗಂಡ. ಬೋಟಿನ ಮಾಲೀಕ ಜಗದೇವಪ್ಪ ಠಾಣೆಯಲ್ಲಿ ಬರೆಸಿದ್ದು ಒಂದೇ ಮಾತು. ಬೋಟು ಗಟ್ಟಿ ಇತ್ತು, ಅಯ್ಯಣ್ಣ ಕುಡಿದು ಬಂಡೆಗೆ ಹೊಡೆದ. ಊರು ಅದನ್ನೇ ನಂಬಿತು. ಶೇಖಮ್ಮನ ಮಗ ಮೌನಮ್ಮನ ಹೊಸ್ತಿಲಿಗೆ ಉಗುಳಿ ಹೋದ.

ಅಯ್ಯಣ್ಣ ಹೆಂಡ ಮುಟ್ಟಿದವನಲ್ಲ. ಆದರೆ ಹೆಂಡತಿಯ ಸಾಕ್ಷಿಯನ್ನು ಯಾರು ಕೇಳುತ್ತಾರೆ? ಅವನ ಹೆಸರು ಉಳಿಸುವುದಿದ್ದರೆ ಇನ್ನು ಈ ಬೋಟಿನ ತಳವೇ ಉಳಿಸಬೇಕಿತ್ತು.

ಕೆಲಸ ನಿಧಾನದ್ದು. ರಿಮೂವರ್ ಸುರಿದರೆ ಬಣ್ಣದ ಜೊತೆ ಫೈಬರೂ ಮೆತ್ತಗಾಗುತ್ತದೆ. ಬೆಂಕಿ ತೋರಿಸಿದರೆ ಸೊಟ್ಟಾಗುತ್ತದೆ. ಮೂಲೆ ಮೊಂಡು ಮಾಡಿದ ಕಬ್ಬಿಣದ ಪಟ್ಟಿಯಿಂದ ಕೆರೆಯಬೇಕು, ಆಮೇಲೆ ನೀರು ಹಾಕಿ ಪಾಲಿಶ್ ಪೇಪರಿನಿಂದ ತಿಕ್ಕಬೇಕು. ನೀಲಿ ಹೋದರೆ ಹಸಿರು, ಹಸಿರು ಹೋದರೆ ಕೆಂಪು. ಜಗದೇವಪ್ಪನ ಆಳುಗಳು ಹಳೆಯದನ್ನು ತೆಗೆಯದೆ ವರ್ಷಕ್ಕೊಂದು ಬಣ್ಣ ಬಳಿದಿದ್ದರು. ತಿಕ್ಕಲು ಬೇಕಾದ ನೀರನ್ನು ಮೌನಮ್ಮನೇ ಕೊಡದಲ್ಲಿ ತಂದಿಡುತ್ತಿದ್ದಳು. ಯಾರೂ ಅವಳಿಗೆ ಹೇಳಿರಲಿಲ್ಲ.

“ಪೂರ್ತಿ ಕೆರೀಬೇಕೇನು ತಮ್ಮಾ?”

“ಒಂದು ಗೇಣೂ ಬಿಡಂಗಿಲ್ಲ ಅಕ್ಕಾ. ನೀವು ಘಾಬ್ರಿ ಆಗಬ್ಯಾಡ್ರಿ. ಇದ್ರ ಸಿಕ್ಕೇ ಸಿಗ್ತದ.”

“ಇಷ್ಟು ಬಣ್ಣದ ಬುಡಕಿಂದೂ ಕಾಣಸ್ತದೇನು?”

“ಮ್ಯಾಲ ಎಷ್ಟು ಬಳದ್ರೇನ್ರಿ? ಇದ್ದದ್ದು ಎಲ್ಲಿ ಹೋಗ್ತದ?”

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು ಹೊಳೆಯ ಕಡೆ ತಿರುಗಿದಳು. ಪಾಪ, ಇನ್ನೂ ನಂಬಿಕೆ ಬಂದಿಲ್ಲ, ಅಂದುಕೊಂಡ ಮುಜಫರ.

ಹನ್ನೊಂದರ ಹೊತ್ತಿಗೆ ಜಗದೇವಪ್ಪ ಬೈಕಿನಲ್ಲಿ ಬಂದ.

“ಏ ಮುಜಫರ, ಒತ್ತಿ ಕೆರೀಬ್ಯಾಡೋ. ನೀನೇ ಸೀಳು ಮಾಡಿ ನನ್ನ ಕೊರಳಿಗೆ ಕಟ್ಟೀ!”

“ನನ್ನ ಕೈ ಹಗೂರ ಅದರಿ ಸಾವ್ಕಾರ್ರ. ನಿಮ್ಮ ಬಣ್ಣಾನೇ ದಪ್ಪ ಅದ.”

ಮಹೇಶಕುಮಾರ ನಕ್ಕ. ಜಗದೇವಪ್ಪನ ಸಿಟ್ಟು ಮೌನಮ್ಮನ ಮೇಲೆ ಹರಿಯಿತು.

“ನೀ ಏನ್ ಕಾಯಾಕತ್ತೀ ಇಲ್ಲಿ? ಹರಗೋಲು ಹೆಣಿಯೋರ ಮಗಳು ನೀ. ಫೈಬರ್ ಅಂದ್ರ ನಿನಗೇನು ತಿಳೀತದ?”

“ತಿಳೀಲಿಲ್ರಿ,” ಎಂದಳು ಮೌನಮ್ಮ.

ಜಗದೇವಪ್ಪ ಹೋಗಲಿಲ್ಲ. ಬೋಟಿನ ಸುತ್ತ ತಿರುಗಿದ, ನಿಂತ, ಮತ್ತೆ ತಿರುಗಿದ. ಇವನು ಎಲ್ಲೋ ಏನೋ ಮುಚ್ಚಿಟ್ಟಿದ್ದಾನೆ ಎಂದು ಮುಜಫರನಿಗೆ ಖಾತ್ರಿಯಾಯಿತು. ಕೈ ಚುರುಕಾಯಿತು.

ಮಧ್ಯಾಹ್ನದ ಹೊತ್ತಿಗೆ ಉಳಿದದ್ದು ಹಿಂಭಾಗದ ಎಡಮೂಲೆ ಮಾತ್ರ. ಮುಜಫರ ಪಟ್ಟಿ ಹಿಡಿದು ಅತ್ತ ಬಂದಾಗ ಮೌನಮ್ಮ ಎದ್ದು ನಿಂತಳು.

“ಸಾಕಲ್ಲ ತಮ್ಮಾ. ಕೈ ನೋಡು, ಬೊಬ್ಬಿ ಎದ್ದಾವ.”

“ಇನ್ನ ಎರಡು ಗೇಣು ಉಳದದ. ಸರೀರಿ ಅಕ್ಕಾ.”

ಅವಳು ಸರಿಯಲಿಲ್ಲ. ಇಲ್ಲಿಯೂ ಏನೂ ಸಿಗದಿದ್ದರೆ ಎಂದು ಹೆದರಿದ್ದಾಳೆ, ಅನಿಸಿತು ಮುಜಫರನಿಗೆ. ಎರಡನೆಯ ಸಲ ಹೇಳಿದ. ಅವಳು ಕಾನ್‌ಸ್ಟೇಬಲ್‌ನ ಮುಖ ನೋಡಿದಳು, ಹೊಳೆ ನೋಡಿದಳು. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದಳು.

ಪಟ್ಟಿಯ ಸದ್ದು ಬದಲಾಯಿತು. ಕರಕರ ಎನ್ನುತ್ತಿದ್ದದ್ದು ಮೆತ್ತಗಾಯಿತು. ನೀಲಿಯ ಕೆಳಗೆ ಹಸಿರು ಬರಲಿಲ್ಲ, ಕಪ್ಪು ಬಂತು. ಉಗುರು ಊರಿದರೆ ಒಳಗಿಳಿಯಿತು. ಡಾಂಬರು. ಡಾಂಬರಿನೊಳಗೆ ಅಂಗೈಯಗಲದ ಬಟ್ಟೆ. ಒಂದು ಅಂಚು ಮೊದಲೇ ಎದ್ದಿತ್ತು. ಹಿಡಿದು ಎಳೆದದ್ದೇ ತಡ, ಬಟ್ಟೆ ಪೂರಾ ಕಿತ್ತು ಬಂತು. ಅಡಿಯಲ್ಲಿ ಗೇಣುದ್ದದ ಸೀಳು. ಅದರ ಬಾಯಿಯಲ್ಲಿ ಹಳೆಯ ಪಾಚಿ.

“ಸಿಕ್ತು ಅಕ್ಕಾ! ಹಳೇ ಸೀಳು! ಸಾಹೇಬ್ರ, ಫೋಟೋ ತಗೀರಿ!”

ಮಹೇಶಕುಮಾರ ಓಡಿ ಬಂದ. ಜಗದೇವಪ್ಪನ ಮುಖ ಬಿಳಿಚಿತು. ಅವನು ಬಗ್ಗಿ ಆ ಬಟ್ಟೆಯನ್ನು ಮೂಸಿದ. ನಿಧಾನವಾಗಿ ಅವನ ಮುಖಕ್ಕೆ ಬಣ್ಣ ತಿರುಗಿ ಬಂತು.

“ನೋಡ್ರಿ ಸಾಹೇಬ್ರ, ಡಾಂಬರು, ಅರಬಿ! ಹರಗೋಲಿಗೆ ಹಚ್ಚಿದಂಗ ಹಚ್ಚ್ಯಾನ ಈ ಅಯ್ಯಣ್ಣ. ಫೈಬರಿಗೆ ಇದು ನಿಲ್ತದೇನ್ರಿ? ನನಗ ಒಂದು ಮಾತು ಹೇಳಿಲ್ಲ, ಮಗ! ಆಯ್ತು, ಕುಡದಿದ್ದಿಲ್ಲ ಅಂತ್ಲೇ ಬರಕೊಳ್ರಿ. ಸೀಳು ಅದ ಅಂತ ಗೊತ್ತಿದ್ದೂ ಜನಾ ಕುಂದರಿಸಿಕೊಂಡು ಹೋಗ್ಯಾನ ಅಂತ ಬರಕೊಳ್ರಿ. ಅದು ಕುಡಿಯೋದಕ್ಕಿಂತ ಛಲೋನ?”

ಮಹೇಶಕುಮಾರ ಪೆನ್ನು ತೆಗೆದ. ಮುಜಫರನಿಗೆ ಮೌನಮ್ಮನ ಕಡೆ ನೋಡುವ ಧೈರ್ಯವಾಗಲಿಲ್ಲ. ಮೂರು ದಿನ ಕೆರೆದು ಅವನು ಹುಡುಕಿ ಕೊಟ್ಟದ್ದು ಸತ್ತವನ ತಲೆಯ ಮೇಲೆಯೇ ಬಿದ್ದಿತ್ತು. ಕಿತ್ತದ್ದನ್ನು ಮತ್ತೆ ಅಂಟಿಸಲು ಬರುವಂತಿರಲಿಲ್ಲ.

“ಅಯ್ಯಣ್ಣ… ತಂದಿ ಹೆಸರು?” ಎಂದ ಕಾನ್‌ಸ್ಟೇಬಲ್.

“ಅವ್ರ ಹೆಸರು ಬರೀಬ್ಯಾಡ್ರಿ,” ಎಂದಳು ಮೌನಮ್ಮ. “ಇದನ್ನ ಹಚ್ಚಿದ ದಿನ ಅವ್ರು ಅಬ್ಬೆತುಮಕೂರ ಜಾತ್ರಿಗೆ ಹೋಗಿದ್ರು, ಅವ್ರಿಗೆ ಇದು ಗೊತ್ತೇ ಇದ್ದಿಲ್ಲ. ಹಚ್ಚಿದಾಕಿ ನಾನು.”