ಬ್ರೇಕ್ ಒತ್ತಿಕೊಂಡು ಹತ್ತಿದ ಏರು

ಏರುದಾರಿಯಲ್ಲಿ ಬ್ರೇಕ್ ಒತ್ತಿಕೊಂಡೇ ಸೈಕಲ್ ತುಳಿಯುವುದು ಸುಲಭವಲ್ಲ. ಎವರಿಸ್ತ್ ದೆಲ್ಪೆರೂ ಅದನ್ನು ಏಪ್ರಿಲ್‌ನಿಂದ ಮಾಡುತ್ತ ಬಂದಿದ್ದ. ಬಲಗೈಯ ಎರಡು ಬೆರಳು ಬ್ರೇಕಿನ ಮೇಲೆ, ಮುಖದಲ್ಲಿ ಕಷ್ಟಪಡುವವನ ನಟನೆ. ಹತ್ತು ಮಾರು ಹಿಂದೆ ಗೆಳೆಯ ಲೆಯೋನ್ಸ್ ಬರುತ್ತಿದ್ದ. ಅವನನ್ನು ಅವಸರಪಡಿಸಿದರೆ ಅವನು ಸಾಯಬಹುದಿತ್ತು.

ಹಾಗೆಂದು ಹೇಳಿದವಳು ಎವರಿಸ್ತನ ಹೆಂಡತಿ ಸೊಲಾಂಜ್. ಲೆಯೋನ್ಸನ ಹೃದಯ ಸರಿಯಿಲ್ಲವಂತೆ, ನಿಧಾನವಾಗಿ ತುಳಿದರೆ ಅಡ್ಡಿಯಿಲ್ಲವಂತೆ, ಆದರೆ ಸ್ವಾಭಿಮಾನಿ, ಯಾರಿಗೂ ತಿಳಿಯುವುದು ಬೇಡ ಎಂದಿದ್ದಾನಂತೆ. ನಿನಗೆ ಗೊತ್ತೆಂದು ತೋರಿಸಿಕೊಳ್ಳದೆ ಅವನ ಜೊತೆ ಮೆಲ್ಲಗೆ ಹೋಗಿಬಾ ಎಂದು ಅವಳು ಕೇಳಿಕೊಂಡಳು. ಹೇಳುವಾಗ ಅವಳ ಕಣ್ಣು ತುಂಬಿತ್ತು. ಗೆಳೆಯನ ಮೇಲೆ ಹೆಂಡತಿಗೆ ಇಷ್ಟೊಂದು ಅಕ್ಕರೆಯೇ ಎಂದು ಎವರಿಸ್ತನಿಗೆ ಅರೆಗಳಿಗೆ ಇರುಸುಮುರುಸಾಯಿತು. ಆಮೇಲೆ ಒಪ್ಪಿದ.

ಒಪ್ಪುವುದರಲ್ಲಿ ಸಣ್ಣ ಸುಖವೂ ಇತ್ತು. ಲೋತ್ ನದಿಯ ದಂಡೆಯಿಂದ ದ್ರಾಕ್ಷಿ ತೋಟಗಳ ನಡುವೆ ಗುಡ್ಡದ ಚರ್ಚಿಗೆ ಏರುವ ಆ ಐದು ತಿರುವುಗಳಲ್ಲಿ ಅವನು ಮೂವತ್ತು ವರ್ಷದಿಂದ ಲೆಯೋನ್ಸನ ಬೆನ್ನನ್ನೇ ನೋಡಿದ್ದ. ಈಗ ಮೊದಲ ಬಾರಿಗೆ ತಾನು ಮುಂದಿದ್ದ. ಕಾಯಿಲೆಯವನೆದುರು ಗೆಲ್ಲುವುದು ಗೆಲುವಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೂ ಬೆನ್ನು ನೋಡುವುದಕ್ಕಿಂತ ನದಿ ನೋಡುವುದು ಚೆನ್ನಾಗಿತ್ತು.

ತನ್ನ ಬಗ್ಗೆ ಅವನಿಗೆ ಚಿಂತೆಯಿರಲಿಲ್ಲ. ವಯಸ್ಸು ಅರವತ್ತನಾಲ್ಕು, ಕಾಲು ಓಕ್ ಮರದ ಕೊರಡು. ಸೈಕಲ್ ಬಿಡು ಎನ್ನುವ ಡಾಕ್ಟರನ ಮುಖವನ್ನೇ ನೋಡುವುದಿಲ್ಲ ಎಂದು ಶಪಥ ಮಾಡಿದ್ದರಿಂದ ಎವರಿಸ್ತ್ ಮಾಡಿಸಿಕೊಂಡ ತಪಾಸಣೆಗಳ ಫಲಿತಾಂಶವನ್ನೆಲ್ಲ ಸೊಲಾಂಜಳೇ ಹೋಗಿ ತರುತ್ತಿದ್ದಳು. ಮಂಡಿನೋವಿಗೆಂದು ಬೆಳಿಗ್ಗೆ ಅವಳು ಕೊಡುವ ಮಾತ್ರೆ ನುಂಗಿದರೆ ಆಯಿತು.

ಪ್ರತಿ ಗುರುವಾರ ಇಬ್ಬರೂ ಹೊರಡುತ್ತಿದ್ದರು. ಲೆಯೋನ್ಸ್ ತಿರುವು ತಿರುವಿಗೂ ಸೈಕಲ್ ನಿಲ್ಲಿಸಿ ನದಿ ಚೆನ್ನಾಗಿದೆ ಎನ್ನುತ್ತಿದ್ದ. ಹತ್ತುವಾಗ ಬಿಡುವಿಲ್ಲದೆ ಹರಟುತ್ತಿದ್ದ. ಸಾವಿನ ಭಯ ಮನುಷ್ಯನನ್ನು ವಾಚಾಳಿ ಮಾಡುತ್ತದೆ ಎಂದು ಎವರಿಸ್ತ್ ಕನಿಕರಪಟ್ಟ. ಊಟಕ್ಕೆ ಕೂತರೆ ಲೆಯೋನ್ಸ್ ಉಪ್ಪಿಲ್ಲದ ಆಮ್ಲೆಟ್ ತರಿಸುತ್ತಿದ್ದ. ಅವನೆದುರು ಬಾತುಕೋಳಿಯ ತೊಡೆ ಕಚ್ಚಲು ಮನಸ್ಸು ಬಾರದೆ ಎವರಿಸ್ತನೂ ಅದನ್ನೇ ತಿನ್ನುತ್ತಿದ್ದ. ಅವನ ತ್ಯಾಗಗಳಲ್ಲಿ ಇದು ಎಲ್ಲಕ್ಕಿಂತ ದೊಡ್ಡದು.

ಕೆಫೆಯಲ್ಲಿ ಬಡಿಸುವ ಜಿನೆತ್ ಮಾತ್ರ ಕೆಣಕದೆ ಬಿಡುತ್ತಿರಲಿಲ್ಲ. "ಏನ್ರಪ್ಪಾ, ಮೇಲಿಂದ ಬಂದ್ರಾ? ಯಾವತ್ತು ಹೊರಟಿದ್ರಿ, ಮಂಗಳವಾರಾನಾ?"

"ಅದಕ್ಕೊಂದು ಕಾರಣ ಇದೆ ಕಣಮ್ಮಾ," ಎಂದು ಎವರಿಸ್ತ್ ಸಂತನ ಮುಗುಳ್ನಗೆ ನಕ್ಕ.

"ಹೌದು, ಇದೆ," ಎಂದು ಲೆಯೋನ್ಸನೂ ತಟ್ಟೆ ನೋಡುತ್ತ ಹೇಳಿದ.

ಈಗ ಎವರಿಸ್ತನೇ ಒಪ್ಪಿಕೊಳ್ಳುವಂತೆ, ಸಂತನಾಗಲು ಅವನಿಗೆ ಬೇಕಿದ್ದದ್ದು ಒಂದು ಬ್ರೇಕು ಮತ್ತು ಒಂದಷ್ಟು ಪ್ರೇಕ್ಷಕರು. ಗುಟ್ಟನ್ನು ಅವನು ಬೇಕರಿಯವನಿಗೆ ಹೇಳಿದ, ಅಂಚೆಯವಳಿಗೆ ಹೇಳಿದ, ಪಾದ್ರಿಗೂ ಹೇಳಿದ. ಎಲ್ಲರೂ ಅವನನ್ನೇ ದಿಟ್ಟಿಸಿ ನೋಡಿ ಭುಜ ತಟ್ಟಿದರು. ಲೆಯೋನ್ಸನ ಶವಸಂಸ್ಕಾರದಲ್ಲಿ ಮಾಡಬೇಕಾದ ಭಾಷಣವೂ ತಯಾರಾಗಿತ್ತು. ಅದರಲ್ಲಿ ಲೆಯೋನ್ಸನ ಬಗ್ಗೆ ಎರಡು ವಾಕ್ಯ, ಉಳಿದದ್ದು ಬ್ರೇಕಿನ ಬಗ್ಗೆ.

ಸೆಪ್ಟೆಂಬರ್ ಬಂತು. ದ್ರಾಕ್ಷಿ ಕೊಯ್ಲು. ರಸ್ತೆಯ ಎರಡೂ ಬದಿಯ ಸಾಲುಗಳಲ್ಲಿ ಜನ ಬಗ್ಗಿ ಕತ್ತರಿ ಆಡಿಸುತ್ತಿದ್ದರು. ಎರಡನೆಯ ತಿರುವಿನಲ್ಲಿ ಒಬ್ಬ ಹೆಂಗಸು ಬೆನ್ನು ನೆಟ್ಟಗೆ ಮಾಡಿ ಕೂಗಿದಳು: "ತಾತಾ, ಸ್ವಲ್ಪ ಬೇಗ ತುಳೀರಿ. ಈ ಹಣ್ಣು ವೈನ್ ಆಗೋದ್ರೊಳಗಾದ್ರೂ ಮೇಲೆ ಹೋಗ್ಬೇಡ್ವಾ?"

ಸಾಲಿಗೆ ಸಾಲೇ ನಕ್ಕಿತು. ಎವರಿಸ್ತನ ಕಿವಿ ಬಿಸಿಯಾಯಿತು. ಆರು ತಿಂಗಳ ಸಂತಗಿರಿ ಒಂದೇ ಏಟಿಗೆ ಕಳಚಿಬಿತ್ತು. ಬ್ರೇಕ್ ಬಿಟ್ಟ. ಸೀಟಿನಿಂದ ಎದ್ದು ನಿಂತು ತುಳಿದ.

ಹಿಂದಿನಿಂದ ಲೆಯೋನ್ಸ್ ಕೂಗುವುದು ಕೇಳಿಸಿತು. ನಿಲ್ಲು ಎನ್ನುತ್ತಿದ್ದ. ಹೊಟ್ಟೆಕಿಚ್ಚು ಎಂದುಕೊಂಡು ಎವರಿಸ್ತ್ ಇನ್ನಷ್ಟು ಜೋರು ಮಾಡಿದ. ಮೂರನೆಯ ತಿರುವು ದಾಟಿದ. ನಾಲ್ಕನೆಯದು ಕಾಣುವಷ್ಟರಲ್ಲಿ ಎದೆಯನ್ನು ಯಾರೋ ದ್ರಾಕ್ಷಿ ಹಿಂಡುವ ಯಂತ್ರದಲ್ಲಿಟ್ಟು ತಿರುಗಿಸಿದಂತಾಯಿತು. ಎಡಗೈ ಸತ್ತಿತು. ಸೈಕಲ್ ಒಂದು ಕಡೆ, ತಾನೊಂದು ಕಡೆ ಹುಲ್ಲಿನ ಮೇಲೆ ಬಿದ್ದ.

ಲೆಯೋನ್ಸ್ ತೀರಾ ಕೆಳಗಿದ್ದ. ಈ ಕಡಿದಾದ ಏರು ಹತ್ತಿ ಬರಲು ಅವನಂಥ ರೋಗಿಗೆ ಕಾಲು ಗಂಟೆ ಬೇಕು ಎಂದು ಎವರಿಸ್ತ್ ಲೆಕ್ಕ ಹಾಕಿದ. ಅಷ್ಟು ಹೊತ್ತು ತನಗಿಲ್ಲ ಎಂದೂ ತಿಳಿಯಿತು. ಭಾಷಣ ಬೇರೆಯವರ ಪಾಲಾಯಿತಲ್ಲ ಎಂದು ಬೇಸರವಾಯಿತು.

ಅಷ್ಟರಲ್ಲಿ ಪಕ್ಕದಲ್ಲಿ ಚಕ್ರ ನಿಂತ ಸದ್ದು. ಲೆಯೋನ್ಸ್ ಮಂಡಿಯೂರಿ ಕೂತಿದ್ದ. ಅಂಗಿಯ ಹಿಂಜೇಬಿನಿಂದ ಪುಟ್ಟ ಪೆಟ್ಟಿಗೆಯೊಂದನ್ನು ತೆಗೆದು ಅದರೊಳಗಿನ ಸೀಸೆ ಹಿಡಿದ.

"ನಾಲಿಗೆ ಎತ್ತು."

ನಾಲಿಗೆಯಡಿ ಎರಡು ಸಲ ಸಿಂಪಡಿಸಿದ. ಆಂಬುಲೆನ್ಸಿಗೆ ಫೋನ್ ಮಾಡಿ, ಯಾವ ತಿರುವು, ಯಾರ ತೋಟ ಎಂದು ಸಮಾಧಾನದಿಂದ ಹೇಳಿದ. ಯಂತ್ರ ಒಂದೊಂದೇ ಸುತ್ತು ಸಡಿಲವಾಯಿತು. ಎವರಿಸ್ತನಿಗೆ ಮಾತು ಬಂತು, ಜೊತೆಗೆ ಅಳುವೂ.

"ನಿನ್ನ ಔಷಧಿ ನಂಗೆ ಹಾಕ್ಬಿಟ್ಯಲ್ಲೋ. ಈಗ ನಿಂಗೇನಾದ್ರೂ ಆದ್ರೆ? ನಂಗೆಲ್ಲಾ ಗೊತ್ತು ಕಣೋ. ಏಪ್ರಿಲ್‌ನಿಂದ ನಿನಗೋಸ್ಕರ ಬ್ರೇಕ್ ಹಿಡ್ಕೊಂಡೇ ಹತ್ತಿದ್ದೀನಿ."

ಲೆಯೋನ್ಸ್ ಸೀಸೆಯನ್ನು ಮತ್ತೆ ಪೆಟ್ಟಿಗೆಯೊಳಗಿಟ್ಟ. ಅವನ ಉಸಿರು ಒಂದಿಷ್ಟೂ ಏರಿರಲಿಲ್ಲ.

"ನಾನೂ ಅಷ್ಟೇ ಕಣೋ," ಎಂದು ಪೆಟ್ಟಿಗೆಯನ್ನು ಗೆಳೆಯನ ಅಂಗೈಗಿಟ್ಟ.

ಅದರ ಮೇಲೆ ಸೊಲಾಂಜಳ ದುಂಡು ಅಕ್ಷರದಲ್ಲಿ ರೋಗಿಯ ಹೆಸರಿತ್ತು: ಎವರಿಸ್ತ್ ದೆಲ್ಪೆರೂ.