ಇಲಿ ಕ್ಷೇಮವಾಗಿದೆ

"ಇಲಿ ಕ್ಷೇಮವಾಗಿದೆಯಮ್ಮ" ಎಂದು ಪ್ರಯೋಗಾಲಯದ ಡಾಕ್ಟರು ವರದಿಯನ್ನು ಮೇಜಿನ ಮೇಲೆ ಸರಿಸಿದರು. "ನಿಮ್ಮ ಹಸುವಿನ ರಕ್ತದ ತಿಳಿಯನ್ನು ಅದಕ್ಕೆ ಚುಚ್ಚಿ ನಾಲ್ಕು ದಿನ ನೋಡಿದ್ವಿ. ಸಾಯಲಿಲ್ಲ. ಅಂದಮೇಲೆ ಇದು ಬಾಟುಲಿಸಂ ಅಲ್ಲ. ಬಾಟುಲಿಸಂ ಅಂದ್ರೆ ಸತ್ತ ಪ್ರಾಣಿ ಕೊಳೆತ ಮೇವಿನಿಂದ ಬರೋ ವಿಷ."

"ಹಸು ಸತ್ತಿತಲ್ಲ ಸ್ವಾಮಿ" ಎಂದಳು ಹಾಲು ಮಾರುವ ಮುದುಕಿ.

"ಅದು ಬೇರೆ ವಿಷಯ."

ಬೇರೆ ವಿಷಯವೇ ಸರಿ. ಹಸು ಮೊದಲು ಹಿಂಗಾಲೆಳೆಯಿತು, ಆಮೇಲೆ ಮಲಗಿತು. ಹೊರಗೆ ಜೋತುಬಿದ್ದ ನಾಲಿಗೆ ಮತ್ತೆ ಒಳಗೆ ಹೋಗಲಿಲ್ಲ. ಭಗವಂತ ಕೊನೆಯ ತನಕ ಉಳಿಸಿದ್ದು ಕಣ್ಣುಗಳನ್ನು ಮಾತ್ರ. ಅವು ಅವಳನ್ನು ಗುರುತಿಸುತ್ತಲೇ ಇದ್ದವು. ಇದನ್ನೆಲ್ಲ ಬರೆಯಲು ವರದಿಯಲ್ಲಿ ಜಾಗವಿರಲಿಲ್ಲ. ಇಲಿಗೆ ಮಾತ್ರ ಇಡೀ ಒಂದು ಪುಟವಿತ್ತು.

"ರಕ್ತದ ಸೀಸೆ ಎರಡು ದಿನ ಆ ಕಿಟಕಿಯ ಬಿಸಿಲಲ್ಲೇ ಕೂತಿತ್ತಲ್ಲ?"

"ಫ್ರಿಜ್ಜಿನಲ್ಲಿ ಜಾಗ ಇರಲಿಲ್ಲಮ್ಮ."

ಅದೂ ನಿಜ. ಅಲ್ಲಿ ಸಿಬ್ಬಂದಿಯ ಊಟದ ಡಬ್ಬಿಗಳು ತಣ್ಣಗೆ ಕುಳಿತಿದ್ದವು.

"ಹಾಗಾದ್ರೆ ಉಳಿದ ಎರಡು ಹಸುಗಳಿಗೆ ಸತ್ತದ್ದು ತಿಂದ ಅದೇ ಬಣವೆಯ ಹುಲ್ಲು ಹಾಕಲೇ? ಮನೇಲಿ ಇರೋದು ಅದೊಂದೇ. ಇಷ್ಟು ದಿನ ಬೇಲಿಸಾಲಿನ ಹಸಿ ಹುಲ್ಲು ಕೊಯ್ದು ಜೀವ ಉಳಿಸಿದ್ದೀನಿ."

"ಧಾರಾಳವಾಗಿ ಹಾಕಿ. ಹೇಳ್ತಿರೋದು ನಾನಲ್ಲ, ವಿಜ್ಞಾನ."

ಮುದುಕಿ ಪರೀಕ್ಷೆಗೆಂದು ಹೊತ್ತು ತಂದಿದ್ದ ಹುಲ್ಲಿನ ಹೊರೆಯನ್ನು ಎತ್ತಿ ಮೇಜಿನ ಮೇಲಿಟ್ಟಳು. "ನಿಮ್ಮ ಮನೇಲೂ ಹಾಲು ಕರೆಯುವ ಹಸು ಇದೆಯಂತೆ. ಇದನ್ನ ಅದಕ್ಕೆ ಹಾಕಿ ಸ್ವಾಮಿ. ದೊಡ್ಡವರ ಹತ್ತಿರ ಬರಿಗೈಲಿ ಬರಬಾರದು."

ಡಾಕ್ಟರ ಮುಖ ಅರಳಿತು. ಒಂದು ಹಿಡಿ ಹಿರಿದು ಮೂಸಿ ನೋಡಿದರು. "ಪರವಾಗಿಲ್ಲ, ಒಳ್ಳೇ ಹುಲ್ಲು. ಎಲ್ಲಿಯದು?"

"ಅದೇ ಬಣವೆಯದು. ನಡುವೆ ಸತ್ತ ಬೆಕ್ಕೊಂದು ಸಿಕ್ಕಿತ್ತು. ಅದನ್ನ ತೆಗೆದೇ ಕಟ್ಟಿದ್ದೀನಿ."

ಹುಲ್ಲು ಕೈಯಿಂದ ನೆಲಕ್ಕೆ ಬಿತ್ತು. ಡಾಕ್ಟರು ಕುರ್ಚಿಯನ್ನು ಗೋಡೆಯವರೆಗೆ ಹಿಂದೆ ತಳ್ಳಿ ಎದ್ದರು. "ಬೇಡಮ್ಮ... ನಮ್ಮ ಹಸುವಿನ ಹೊಟ್ಟೆ ಸ್ವಲ್ಪ ಸೂಕ್ಷ್ಮ."

"ನನ್ನ ಹಸುಗಳದ್ದು ಕಬ್ಬಿಣದ್ದೇನಲ್ಲ" ಎಂದು ಮುದುಕಿ ಬಿದ್ದ ಕಡ್ಡಿಗಳನ್ನು ಒಂದೊಂದಾಗಿ ಆರಿಸಿ ಹೊರೆಗೆ ಸಿಕ್ಕಿಸಿದಳು. ವರದಿಯನ್ನೂ ಮಡಿಸಿ ಅದರೊಳಗೇ ತುರುಕಿದಳು. "ಇದೂ ಇರಲಿ. ಬಣವೆಗೆ ಬೆಂಕಿ ಹಚ್ಚೋಕೆ ಕಾಗದ ಬೇಕಾಗುತ್ತೆ."

ಅವಳು ಹೊಸ್ತಿಲು ದಾಟುವಾಗಲೂ ಹಿಂದೆ ನಲ್ಲಿಯ ಸದ್ದು ನಿಂತಿರಲಿಲ್ಲ. ಡಾಕ್ಟರು ಮೂರನೆಯ ಸಲ ಕೈಗೆ ಸೋಪು ಹಚ್ಚುತ್ತಿದ್ದರು.